ಹಾಸಿಗೆ–ದಿಂಬುಗಳ ಸ್ವಚ್ಛತೆ ಮತ್ತು ಧೂಳಿನ ನುಸಿಯ ನಿಯಂತ್ರಣ: ಅಂಕಲಿ ಹಾಗೂ ಕೃಷ್ಣಾ ತೀರದ ಗ್ರಾಮಗಳ ಕುಟುಂಬಗಳಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಅಂಕಲಿ ಮತ್ತು ಕೃಷ್ಣಾ ನದಿ ತೀರದ ಇತರ ಗ್ರಾಮಗಳಲ್ಲಿ ಹತ್ತಿಯ ಗಾದಿ, ತಲೆದಿಂಬು, ಕೌದಿ, ಕಂಬಳಿ ಹಾಗೂ ಜಮಖಾನೆಗಳು ಬಹುತೇಕ ಪ್ರತಿಯೊಂದು ಮನೆಯಲ್ಲಿಯೂ ನಿತ್ಯ ಬಳಕೆಯಲ್ಲಿರುತ್ತವೆ. ಒಮ್ಮೆ ಹಾಕಿಸಿದ ಗಾದಿಯನ್ನು ಹಲವಾರು ವರ್ಷಗಳವರೆಗೆ ಬಳಸುವುದು ವಾಡಿಕೆ. ಹೊರನೋಟಕ್ಕೆ ಸ್ವಚ್ಛವಾಗಿ ಕಾಣುವ ಇಂತಹ ಹಾಸಿಗೆಯಲ್ಲಿಯೂ ಕಣ್ಣಿಗೆ ಕಾಣದ ಧೂಳಿನ ನುಸಿಗಳು ಅಪಾರ ಸಂಖ್ಯೆಯಲ್ಲಿ ವಾಸವಾಗಿರಬಹುದು. ಬೆಳಿಗ್ಗೆ ಎದ್ದೊಡನೆ ಸಾಲಾಗಿ ಬರುವ ಸೀನು, ಮೂಗು ಕಟ್ಟುವಿಕೆ, ರಾತ್ರಿಯ ವೇಳೆ ಕೆಮ್ಮು ಮತ್ತು ಉಬ್ಬಸ, ಇವುಗಳಿಗೆ ಈ ನುಸಿಗಳು ಒಂದು ಮುಖ್ಯ ಕಾರಣವಾಗಿವೆ.

ಮಳೆಗಾಲದಲ್ಲಿ ಮತ್ತು ಅದರ ನಂತರದ ತಿಂಗಳುಗಳಲ್ಲಿ ಮಕ್ಕಳ ಉಬ್ಬಸ ಹೆಚ್ಚಾದಾಗ ಅದನ್ನು ಕೇವಲ ಥಂಡಿಯೆಂದು ಭಾವಿಸಿ, ಅದೇ ಗಾದಿಯ ಮೇಲೆ ಮತ್ತಷ್ಟು ಕೌದಿಗಳನ್ನು ಹೊದಿಸಿ ಮಲಗಿಸುವುದುಂಟು. ನುಸಿಯ ಒಗ್ಗದಿಕೆಯುಳ್ಳ (ಅಲರ್ಜಿಯುಳ್ಳ) ಮಗುವಿಗೆ ಇದರಿಂದ ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾಗುವ ಸಂಭವವಿರುತ್ತದೆ. ಹೆಚ್ಚಿನ ವೆಚ್ಚವಿಲ್ಲದೆ ಮನೆಯಲ್ಲಿಯೇ ಕೈಗೊಳ್ಳಬಹುದಾದ ಕ್ರಮಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಧೂಳಿನ ನುಸಿ ಎಂದರೇನು?

ಧೂಳಿನ ನುಸಿಯು ಜೇಡ ಮತ್ತು ಉಣ್ಣೆಗಳ ವರ್ಗಕ್ಕೆ ಸೇರಿದ ಎಂಟು ಕಾಲುಗಳ ಸೂಕ್ಷ್ಮ ಜೀವಿ. ಬದನೆ, ಬೆಂಡೆ ಬೆಳೆಗಳ ಎಲೆಯಡಿಯಲ್ಲಿ ರೈತರು ಕಾಣುವ ಕೆಂಪು ನುಸಿಯು ಇದರ ದೂರದ ಸಂಬಂಧಿ. ಧೂಳಿನ ನುಸಿಯ ಉದ್ದ ಒಂದು ಮಿಲಿಮೀಟರಿನ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ. ಮೈಬಣ್ಣ ಬಿಳಿಚಿಕೊಂಡು ಅರೆ ಪಾರದರ್ಶಕವಾಗಿರುವುದರಿಂದ ಬರಿಗಣ್ಣಿಗೆ ಕಾಣಿಸುವುದಿಲ್ಲ. ಮನೆಗಳಲ್ಲಿ ಹೆಚ್ಚಾಗಿ ಕಂಡುಬರುವ ಪ್ರಭೇದಗಳು ಡರ್ಮಟೊಫಗಾಯ್ಡಿಸ್ ಟೆರೊನಿಸ್ಸಿನಸ್ ಮತ್ತು ಡರ್ಮಟೊಫಗಾಯ್ಡಿಸ್ ಫೆರಿನೆ. ಉಷ್ಣವಲಯದ ದೇಶಗಳಲ್ಲಿ ಬ್ಲೋಮಿಯಾ ಟ್ರಾಪಿಕಾಲಿಸ್ ಎಂಬ ನುಸಿಯೂ ಸಾಮಾನ್ಯವಾಗಿರುತ್ತದೆ.

ಮನುಷ್ಯರ ಚರ್ಮದಿಂದ ಪ್ರತಿದಿನವೂ ಉದುರುವ ಹೊಟ್ಟು ಈ ನುಸಿಯ ಮುಖ್ಯ ಆಹಾರ. ಅನುಕೂಲಕರ ವಾತಾವರಣದಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಸುಮಾರು ಒಂದು ತಿಂಗಳು ಸಾಕು. ಅನಂತರ ಅದು ಎರಡು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ. ಒಂದು ಹೆಣ್ಣು ನುಸಿಯು ತನ್ನ ಜೀವಿತಾವಧಿಯಲ್ಲಿ ಹಲವು ಹತ್ತು ಮೊಟ್ಟೆಗಳನ್ನಿಡುತ್ತದೆ.

ಮನೆಯ ಧೂಳಿನಿಂದ ಕೆಲವರಿಗೆ ಉಬ್ಬಸ ಬರುತ್ತದೆಯೆಂಬುದು ಬಹುಕಾಲದಿಂದ ತಿಳಿದಿದ್ದರೂ, ಧೂಳಿನಲ್ಲಿರುವ ಯಾವ ಅಂಶವು ಇದಕ್ಕೆ ಕಾರಣವೆಂಬುದು ಸ್ಪಷ್ಟವಾಗಿರಲಿಲ್ಲ. ನೆದರ್‌ಲ್ಯಾಂಡ್ಸ್ ದೇಶದ ಲೈಡನ್ ನಗರದಲ್ಲಿ ವೋರ್‌ಹೋರ್ಸ್ಟ್ ಮತ್ತು ಅವರ ಸಹೋದ್ಯೋಗಿಗಳು 1964ರಲ್ಲಿ ಈ ನುಸಿಯೇ ಅದರ ಪ್ರಮುಖ ಮೂಲವೆಂದು ತೋರಿಸಿಕೊಟ್ಟರು.

ಈ ಕೆಳಗಿನವುಗಳನ್ನು ಧೂಳಿನ ನುಸಿಯೆಂದು ತಪ್ಪಾಗಿ ತಿಳಿಯಬಾರದು:

1. ತಿಗಣೆ: ಇದು ಕಣ್ಣಿಗೆ ಕಾಣುವ ಕೀಟ. ರಾತ್ರಿ ಕಚ್ಚಿ ರಕ್ತ ಹೀರುತ್ತದೆ. ಧೂಳಿನ ನುಸಿ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ.
2. ಕಜ್ಜಿಯ ನುಸಿ: ಇದು ಮನುಷ್ಯರ ಚರ್ಮವನ್ನು ಕೊರೆದು ಅಲ್ಲಿಯೇ ವಾಸಿಸುತ್ತದೆ ಮತ್ತು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಇದಕ್ಕೆ ವೈದ್ಯಕೀಯ ಚಿಕಿತ್ಸೆ ಬೇಕು.
3. ಕಾಳಿನ ನುಸಿ: ಜೋಳ, ಗೋಧಿಗಳಿಗೆ ಬೀಳುವ ಹುಳುವನ್ನೂ ಆಡುಮಾತಿನಲ್ಲಿ ನುಸಿಯೆನ್ನುತ್ತಾರೆ. ಇದು ಬೇರೆಯೇ ಜೀವಿ.

ನುಸಿಯಿಂದ ತೊಂದರೆಯಾಗುವ ಬಗೆ

ತೊಂದರೆಯುಂಟುಮಾಡುವುದು ನುಸಿಯ ಹಿಕ್ಕೆ ಮತ್ತು ಸತ್ತ ನುಸಿಯ ದೇಹದ ಚೂರುಗಳು. ಒಂದು ನುಸಿಯು ದಿನಕ್ಕೆ ಸುಮಾರು 20 ಹಿಕ್ಕೆಗಳನ್ನು ಹಾಕುತ್ತದೆ. ಪ್ರತಿಯೊಂದು ಹಿಕ್ಕೆಯ ಗಾತ್ರ ಒಂದು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು. ಅದರಲ್ಲಿರುವ ಜೀರ್ಣಕಾರಕ ಪ್ರೋಟೀನುಗಳು ಒಗ್ಗದಿಕೆಯ ಪ್ರವೃತ್ತಿಯಿರುವವರ ಮೂಗು, ಕಣ್ಣು ಮತ್ತು ಶ್ವಾಸನಾಳಗಳಲ್ಲಿ ಉರಿಯೂತವನ್ನುಂಟುಮಾಡುತ್ತವೆ.

ಈ ಕಣಗಳು ತುಸು ಭಾರವಾಗಿರುವುದರಿಂದ ಗಾಳಿಯಲ್ಲಿ ಬಹಳ ಹೊತ್ತು ತೇಲುವುದಿಲ್ಲ. ಗಾದಿ ಕೊಡವಿದಾಗ, ಮಗ್ಗುಲು ಬದಲಿಸಿದಾಗ ಮೇಲೇಳುತ್ತವೆ, ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯುತ್ತವೆ. ಆದುದರಿಂದ ಇಡೀ ಕೋಣೆಯ ಗಾಳಿಗಿಂತ, ರಾತ್ರಿಯಿಡೀ ಮೂಗಿನ ಸಮೀಪದಲ್ಲಿರುವ ತಲೆದಿಂಬು ಮತ್ತು ಗಾದಿಯ ತಲೆಭಾಗದ ಕಡೆಗೆ ಹೆಚ್ಚಿನ ಗಮನ ಕೊಡುವುದು ಅವಶ್ಯ.

ಎಲ್ಲರಿಗೂ ಇದರಿಂದ ತೊಂದರೆಯಾಗುವುದಿಲ್ಲ. ಒಂದೇ ಗಾದಿಯ ಮೇಲೆ ಮಲಗುವ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಉಬ್ಬಸ ಬಂದು ಇನ್ನೊಬ್ಬರು ಆರೋಗ್ಯವಾಗಿರಬಹುದು. ಸಾಮಾನ್ಯವಾಗಿ ಕಂಡುಬರುವ ಲಕ್ಷಣಗಳು ಹೀಗಿವೆ:

1. ಬೆಳಿಗ್ಗೆ ಎದ್ದೊಡನೆ ಪದೇ ಪದೇ ಸೀನು, ಮೂಗು ಸೋರುವಿಕೆ ಅಥವಾ ಮೂಗು ಕಟ್ಟುವಿಕೆ.
2. ಕಣ್ಣುಗಳಲ್ಲಿ ತುರಿಕೆ ಮತ್ತು ನೀರು ಸುರಿಯುವಿಕೆ.
3. ರಾತ್ರಿ ಅಥವಾ ನಸುಕಿನಲ್ಲಿ ಒಣಕೆಮ್ಮು, ಎದೆಯಲ್ಲಿ ಸಿಳ್ಳೆಯಂತಹ ಸದ್ದು, ಉಸಿರಾಟದ ತೊಂದರೆ.
4. ಕೆಲವು ಮಕ್ಕಳಲ್ಲಿ ಮೊಣಕೈ ಹಾಗೂ ಮೊಣಕಾಲುಗಳ ಮಡಿಕೆಗಳಲ್ಲಿ ತುರಿಕೆಯುಳ್ಳ ಇಸಬು ಹೆಚ್ಚಾಗುವುದು.
5. ಗಾದಿ ಕೊಡವಿದಾಗ, ಟ್ರಂಕಿನಿಂದ ಹಳೆಯ ಕೌದಿ ತೆಗೆದಾಗ ಈ ಲಕ್ಷಣಗಳು ಕೂಡಲೇ ಕಾಣಿಸಿಕೊಳ್ಳುವುದು.

ಕೃಷ್ಣಾ ತೀರದಲ್ಲಿ ನುಸಿ ಹೆಚ್ಚಾಗಲು ಕಾರಣಗಳು

ಧೂಳಿನ ನುಸಿಯು ನೀರನ್ನು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವಾಂಶವನ್ನೇ ತನ್ನ ಶರೀರದೊಳಕ್ಕೆ ಎಳೆದುಕೊಂಡು ಬದುಕುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 70ರಿಂದ 80ರಷ್ಟಿದ್ದು, ಉಷ್ಣಾಂಶ 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಚೆನ್ನಾಗಿ ವೃದ್ಧಿಯಾಗುತ್ತದೆ. ಆರ್ದ್ರತೆಯು ಶೇಕಡಾ 50ಕ್ಕಿಂತ ಕೆಳಗಿಳಿದು ಹಾಗೆಯೇ ಮುಂದುವರಿದರೆ ಪ್ರೌಢ ನುಸಿಗಳು ಒಂದೆರಡು ವಾರಗಳೊಳಗೆ ಒಣಗಿ ಸಾಯುತ್ತವೆ. ಆದರೆ ಕೆಲವು ಮರಿಗಳು ಆಹಾರವಿಲ್ಲದೆ, ಚಲನೆಯಿಲ್ಲದೆ ತಿಂಗಳುಗಟ್ಟಲೆ ಒಣ ಹವೆಯನ್ನು ತಡೆದುಕೊಂಡು, ತೇವಾಂಶ ಮರಳಿದಾಗ ಮತ್ತೆ ಬೆಳೆಯಬಲ್ಲವು. ಬೇಸಿಗೆಯಲ್ಲಿ ಕಡಿಮೆಯಾದ ನುಸಿ ಮಳೆಗಾಲದಲ್ಲಿ ಮತ್ತೆ ಹೆಚ್ಚಾಗುವುದಕ್ಕೆ ಇದು ಒಂದು ಕಾರಣ.

ಚಿಕ್ಕೋಡಿ, ರಾಯಬಾಗ, ಅಥಣಿ ಭಾಗಗಳಲ್ಲಿ ಬೀಳುವ ಮಳೆಯು ಖಾನಾಪುರದ ಮಲೆನಾಡು ಪ್ರದೇಶಕ್ಕಿಂತ ಬಹಳ ಕಡಿಮೆ. ಆದರೂ ಮಳೆಗಾಲದ ಮೋಡ ಕವಿದ ದಿನಗಳಲ್ಲಿ, ನದಿ ತೀರ ಮತ್ತು ನೀರಾವರಿ ಕಬ್ಬಿನ ಗದ್ದೆಗಳ ನಡುವಿನ ಊರುಗಳಲ್ಲಿ ಮನೆಯೊಳಗಿನ ತೇವ ಬೇಗನೆ ಆರುವುದಿಲ್ಲ. ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗಳು, ಕಿಟಕಿ ಕಡಿಮೆಯಿರುವ ಒಳಕೋಣೆಗಳು ಮತ್ತು ದನ ಕಟ್ಟುವ ಸ್ಥಳಕ್ಕೆ ಹೊಂದಿಕೊಂಡ ನಡುಮನೆಗಳಲ್ಲಿ ಈ ತೇವ ಮತ್ತಷ್ಟು ಹೆಚ್ಚು.

ಇದಲ್ಲದೆ ಹಾಸಿಗೆಯು ತನ್ನದೇ ಆದ ತೇವವನ್ನು ಪಡೆಯುತ್ತದೆ. ಮಲಗಿದವರ ಬೆವರು ಮತ್ತು ಉಸಿರಿನ ಆವಿ ರಾತ್ರಿಯಿಡೀ ಗಾದಿ ಹಾಗೂ ದಿಂಬಿಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಗಾದಿಯನ್ನು ಸುರುಳಿ ಸುತ್ತಿ, ಅದರೊಳಗೆ ಕೌದಿ ಮತ್ತು ದಿಂಬುಗಳನ್ನಿಟ್ಟು ಕೋಣೆಯ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಡುವುದು ನಮ್ಮ ಭಾಗದ ರೂಢಿ. ಮನೆ ಅಚ್ಚುಕಟ್ಟಾಗಿ ಕಾಣಲು ಇದು ಅನುಕೂಲವಾದರೂ, ರಾತ್ರಿಯ ತೇವ ಮತ್ತು ಮೈಯ ಬಿಸಿ ಸುರುಳಿಯೊಳಗೇ ಉಳಿಯುತ್ತವೆ. ನುಸಿಗೆ ಬೇಕಾದ ಆಹಾರ, ಕತ್ತಲೆ ಮತ್ತು ತೇವ ಈ ಮೂರೂ ಅಲ್ಲಿ ಒಟ್ಟಿಗೆ ದೊರೆಯುತ್ತವೆ. ಆದುದರಿಂದ ನುಸಿ ನಿಯಂತ್ರಣದಲ್ಲಿ ಮೊದಲನೆಯ ಮತ್ತು ಅತಿ ಮುಖ್ಯವಾದ ಸೂತ್ರವೆಂದರೆ ಹಾಸಿಗೆಯನ್ನು ಒಣಗಿಸಿ ಇಡುವುದು.

ಪ್ರತಿದಿನ ಅನುಸರಿಸಬೇಕಾದ ಕ್ರಮಗಳು

1. ಎದ್ದ ಕೂಡಲೇ ಗಾದಿಯನ್ನು ಸುತ್ತಬಾರದು. ಹೊದಿಕೆಗಳನ್ನು ತೆಗೆದು, ಕಿಟಕಿ–ಬಾಗಿಲು ತೆರೆದು, ಕನಿಷ್ಠ ಒಂದು ಗಂಟೆಯ ಕಾಲ ಗಾದಿಯನ್ನು ಹರಡಿದಂತೆಯೇ ಬಿಡಬೇಕು. ಸ್ಥಳದ ಅಭಾವವಿದ್ದಲ್ಲಿ ಗೋಡೆಗೆ ತಾಗದಂತೆ ಮಂಚ ಅಥವಾ ಕುರ್ಚಿಯ ಮೇಲೆ ನೇತುಹಾಕಬಹುದು.
2. ದಿಂಬುಗಳನ್ನು ಸುರುಳಿಯೊಳಗೆ ಸೇರಿಸದೆ ಪ್ರತ್ಯೇಕವಾಗಿ ಗಾಳಿ ತಾಗುವಂತೆ ಇಡಬೇಕು.
3. ಸುತ್ತಿದ ಗಾದಿಯನ್ನು ಬರಿ ನೆಲದ ಮೇಲೆ ಅಥವಾ ತೇವವಿರುವ ಗೋಡೆಗೆ ಒರಗಿಸಿ ಇಡದೆ, ಹಲಗೆ ಅಥವಾ ಮಂಚದ ಮೇಲೆ ಇಡಬೇಕು.
4. ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಒಣಹಾಕಬಾರದು.
5. ತಲೆಗೆ ಎಣ್ಣೆ ಹಚ್ಚಿಕೊಂಡು ಅಥವಾ ಒದ್ದೆ ಕೂದಲಿನಲ್ಲಿ ಮಲಗುವುದನ್ನು ಸಾಧ್ಯವಾದಷ್ಟು ತಪ್ಪಿಸಬೇಕು. ದಿಂಬಿನ ಗವಸು ಬೇಗನೆ ಕೊಳೆಯಾಗಿ ತೇವ ಹಿಡಿಯುತ್ತದೆ.
6. ಮಲಗುವ ಕೋಣೆಯ ನೆಲವನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಉತ್ತಮ. ಗುಡಿಸುವುದು ಅನಿವಾರ್ಯವಾದಲ್ಲಿ ಆ ವೇಳೆ ಉಬ್ಬಸವುಳ್ಳವರು ಹೊರಗಿರತಕ್ಕದ್ದು.

ವಾರಕ್ಕೊಮ್ಮೆ ಅನುಸರಿಸಬೇಕಾದ ಕ್ರಮಗಳು

ದಿಂಬಿನ ಗವಸು, ಹಾಸುವ ಚಾದರ ಹಾಗೂ ಮೈಗೆ ತಾಗುವ ಹೊದಿಕೆಗಳನ್ನು ವಾರಕ್ಕೊಮ್ಮೆ ಒಗೆಯಬೇಕು. 55ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ನುಸಿಗಳು ಸಾಯುತ್ತವೆ. ತಣ್ಣೀರಿನಲ್ಲಿ ಒಗೆದಾಗ ಹೆಚ್ಚಿನ ನುಸಿಗಳು ಬದುಕಿ ಉಳಿಯುತ್ತವೆ. ಆದರೆ ಒಗ್ಗದಿಕೆ ತರುವ ಪ್ರೋಟೀನುಗಳು ನೀರಿನಲ್ಲಿ ಕರಗುವಂಥವಾದುದರಿಂದ ಅವುಗಳ ಬಹುಭಾಗ ತಣ್ಣೀರಿನಲ್ಲಿಯೂ ಹೊರಟುಹೋಗುತ್ತದೆ. ಆದುದರಿಂದ ಬಿಸಿನೀರಿನ ಅನುಕೂಲವಿಲ್ಲವೆಂದು ಒಗೆಯುವುದನ್ನೇ ಬಿಡಬಾರದು. ತಣ್ಣೀರಿನಲ್ಲಿ ಒಗೆದು ಪ್ರಖರ ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿದರೂ ಪ್ರಯೋಜನವಿದೆ.

ಉಷ್ಣತಾಮಾಪಕವಿಲ್ಲದ ಮನೆಗಳಲ್ಲಿ ಈ ವಿಧಾನವನ್ನು ಅನುಸರಿಸಬಹುದು. ಒಂದು ಕೊಡ ಕುದಿಯುವ ನೀರಿಗೆ ಒಂದು ಕೊಡ ಸಾಮಾನ್ಯ ನೀರನ್ನು ಬೆರೆಸಿದರೆ ನೀರಿನ ಬಿಸಿ 60 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬಟ್ಟೆ ಮತ್ತು ಪಾತ್ರೆಗಳು ಸ್ವಲ್ಪ ಬಿಸಿಯನ್ನು ಹೀರಿಕೊಳ್ಳುವುದರಿಂದ ಕುದಿಯುವ ನೀರಿನ ಪ್ರಮಾಣವನ್ನು ತುಸು ಹೆಚ್ಚಿಸಬೇಕು. ಬಟ್ಟೆಗಳನ್ನು ಇದರಲ್ಲಿ ಮುಳುಗಿಸಿ, ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಟ್ಟು, ನಂತರ ಸಾಬೂನಿನಿಂದ ಒಗೆಯಬೇಕು. ಬಟ್ಟೆಯನ್ನು ಕೋಲಿನಿಂದ ಮುಳುಗಿಸತಕ್ಕದ್ದು. ಮಕ್ಕಳು ಬಿಸಿನೀರಿನ ಸಮೀಪಕ್ಕೆ ಬಾರದಂತೆ ಎಚ್ಚರ ವಹಿಸಬೇಕು. ಉರುವಲಿನ ಉಳಿತಾಯದ ದೃಷ್ಟಿಯಿಂದ ಉಬ್ಬಸವುಳ್ಳವರ ಗವಸು ಮತ್ತು ಚಾದರಗಳಿಗೆ ಮಾತ್ರ ಬಿಸಿನೀರು ಬಳಸಿದರೂ ಸಾಕು. ಉಣ್ಣೆಯ ಕಂಬಳಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಕುಗ್ಗಿ ಹಾಳಾಗುವುದರಿಂದ ಅದನ್ನು ಬಿಸಿಲಿಗೆ ಹಾಕುವುದೇ ಯೋಗ್ಯ.

ಗಾದಿಯನ್ನು ಬಿಸಿಲಿಗೆ ಹಾಕುವ ಸರಿಯಾದ ವಿಧಾನ

ಹತ್ತಿಯ ಗಾದಿಯನ್ನು ನೀರಿನಲ್ಲಿ ತೊಳೆಯಲಾಗದು. ಅದಕ್ಕೆ ಸೂರ್ಯನ ಬಿಸಿಲೇ ಸುಲಭವಾದ ಸಾಧನ. ಆಸ್ಟ್ರೇಲಿಯಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೆಲಹಾಸುಗಳನ್ನು ಪ್ರಖರ ಬಿಸಿಲಿಗೆ ಒಡ್ಡಿದಾಗ ಅವುಗಳಲ್ಲಿದ್ದ ನುಸಿಗಳೆಲ್ಲ ಸತ್ತುದು ಕಂಡುಬಂದಿತು. ನೆಲಹಾಸಿಗಿಂತ ಗಾದಿಯು ಬಹಳ ದಪ್ಪವಾಗಿರುವುದರಿಂದ ಬಿಸಿ ಒಳಭಾಗಕ್ಕೆ ತಲುಪಲು ಹೆಚ್ಚು ಸಮಯ ಬೇಕಾಗುತ್ತದೆ.

1. ಗಾಳಿ ಒಣಗಿರುವ, ಮೋಡವಿಲ್ಲದ ದಿನವನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ 10 ಗಂಟೆಯಿಂದ ಮಧ್ಯಾಹ್ನ 4 ಗಂಟೆಯವರೆಗಿನ ಬಿಸಿಲು ಉತ್ತಮ.
2. ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ ಹಾಸಿದ ಒಣ ತಾಡಪತ್ರಿಯ ಮೇಲೆ ಗಾದಿಯನ್ನು ಬಿಡಿಸಿ ಹರಡಬೇಕು. ಮಧ್ಯಾಹ್ನ ಒಂದು ಗಂಟೆಯ ವೇಳೆಗೆ ಮಗುಚಿ ಹಾಕಬೇಕು.
3. ದಪ್ಪ ಗಾದಿಗಳನ್ನು ಎರಡು ಅಥವಾ ಮೂರು ದಿನ ಸತತವಾಗಿ ಬಿಸಿಲಿಗೆ ಹಾಕಬೇಕು.
4. ಬಿಸಿಲಿನಿಂದ ನುಸಿ ಸತ್ತರೂ ಅದರ ಹಿಕ್ಕೆ ಮತ್ತು ದೇಹದ ಚೂರುಗಳು ಗಾದಿಯಲ್ಲಿಯೇ ಉಳಿದು ತೊಂದರೆ ಕೊಡುತ್ತಲೇ ಇರುತ್ತವೆ. ಆದುದರಿಂದ ಬಿಸಿಲಿನ ನಂತರ ಗಾದಿಯನ್ನು ಎರಡೂ ಮಗ್ಗುಲಲ್ಲಿ ಕೋಲಿನಿಂದ ಬಡಿದು ಧೂಳು ತೆಗೆಯುವುದು ಕಡ್ಡಾಯ.
5. ಬಡಿಯುವ ಕೆಲಸವನ್ನು ಮನೆಯ ಹೊರಗೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ, ಮೂಗು–ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡಬೇಕು. ಉಬ್ಬಸವುಳ್ಳವರು ಈ ಕೆಲಸ ಮಾಡಬಾರದು ಮತ್ತು ಆ ವೇಳೆ ಸಮೀಪದಲ್ಲಿ ಇರಬಾರದು.
6. ಸೂರ್ಯಾಸ್ತಕ್ಕೆ ಮುಂಚೆಯೇ ಗಾದಿಯನ್ನು ಒಳಗೆ ತರಬೇಕು. ಸಂಜೆಯ ಇಬ್ಬನಿ ಬಿದ್ದರೆ ದಿನವಿಡೀ ಒಣಗಿಸಿದ ಶ್ರಮ ವ್ಯರ್ಥವಾಗುತ್ತದೆ.

ಗಾದಿ ಗಂಟುಗಟ್ಟಿ ಹಳೆಯದಾದಾಗ ಹತ್ತಿಯನ್ನು ಪಿಂಜಾರರಿಂದ ಹಿಂಜಿಸಿ, ಬಿಸಿಲಿನಲ್ಲಿ ಒಣಗಿಸಿ, ಹೊಸ ಬಟ್ಟೆಯಲ್ಲಿ ತುಂಬಿಸುವ ಪದ್ಧತಿ ನಮ್ಮಲ್ಲಿದೆ. ಹಿಂಜುವಾಗ ಹಳೆಯ ಧೂಳು ಬಹುಮಟ್ಟಿಗೆ ಹೊರಬೀಳುವುದರಿಂದ ಈ ಪದ್ಧತಿಯು ಸ್ವಾಗತಾರ್ಹ. ಆದರೆ ಹಿಂಜುವ ಕೆಲಸವು ಮನೆಯ ಒಳಗಾಗಲಿ, ಪಡಸಾಲೆಯಲ್ಲಾಗಲಿ ನಡೆಯಬಾರದು. ಹಿಂಜುವವರು ತಮ್ಮ ಶ್ವಾಸಕೋಶಗಳ ರಕ್ಷಣೆಗಾಗಿ ಮುಖಗವಸು ಧರಿಸುವುದು ಅವಶ್ಯ. ಫೋಮ್ ಮತ್ತು ತೆಂಗಿನ ನಾರಿನ ಹಾಸಿಗೆಗಳಿಗೆ ನುಸಿ ಬರುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ಚರ್ಮದ ಹೊಟ್ಟು ಮತ್ತು ತೇವ ಇರುವೆಡೆಯಲ್ಲೆಲ್ಲ ಅದು ಬದುಕಬಲ್ಲದು. ಫೋಮ್ ಹಾಸಿಗೆಯನ್ನು ಬಹಳ ಹೊತ್ತು ಪ್ರಖರ ಬಿಸಿಲಿಗೆ ಒಡ್ಡಿದರೆ ಸವೆಯುವುದರಿಂದ, ಅದನ್ನು ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ ಒಣಗಿಸಬಹುದು.

ವರ್ಷದ ವೇಳಾಪಟ್ಟಿ

ಫೆಬ್ರವರಿಯಿಂದ ಮೇ ತಿಂಗಳವರೆಗೆ: ಗಾಳಿ ಒಣಗಿದ್ದು ಬಿಸಿಲು ಪ್ರಖರವಾಗಿರುವ ಈ ಅವಧಿಯು ಅತ್ಯಂತ ಅನುಕೂಲಕರ. ಯುಗಾದಿಯ ಮುಂಚಿನ ಸ್ವಚ್ಛತೆಯ ಸಂದರ್ಭದಲ್ಲಿ ಎಲ್ಲ ಗಾದಿ, ದಿಂಬು, ಕೌದಿ, ಕಂಬಳಿಗಳನ್ನು ಬಿಸಿಲಿಗೆ ಹಾಕಬೇಕು. ಮಳೆ ಆರಂಭವಾಗುವ ಮುಂಚೆ ಮೇ ತಿಂಗಳಿನಲ್ಲಿ ಇನ್ನೊಮ್ಮೆ ಹಾಕತಕ್ಕದ್ದು. ಚಳಿಗಾಲದ ಕೌದಿ–ಕಂಬಳಿಗಳನ್ನು ಒಗೆದು ಪೂರ್ಣ ಒಣಗಿಸಿದ ಮೇಲೆಯೇ ಟ್ರಂಕಿನಲ್ಲಿಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ: ಬಿಸಿಲು ಅಪರೂಪವಾಗಿರುವ ಈ ಅವಧಿಯಲ್ಲಿ ಪ್ರತಿದಿನ ಗಾದಿಯನ್ನು ಹರಡಿ ಬಿಡುವ ಕ್ರಮವೇ ಮುಖ್ಯ. ನಡುನಡುವೆ ಬಿಸಿಲು ಬಿದ್ದಾಗ ಎರಡು ಗಂಟೆಯಾದರೂ ದಿಂಬುಗಳನ್ನು ಹೊರಗಿಡಬೇಕು. ಉಬ್ಬಸವುಳ್ಳ ಮಗುವನ್ನು ಈ ಅವಧಿಯಲ್ಲಿ ದಪ್ಪ ಗಾದಿಯ ಬದಲು, ಒಗೆಯಲು ಬರುವ ತೆಳು ಹಾಸಿಗೆಯ ಮೇಲೆ ಮಲಗಿಸುವುದು ಒಳ್ಳೆಯದು.

ಅಕ್ಟೋಬರ್ ಸುಮಾರಿಗೆ: ನವರಾತ್ರಿಯ ಘಟಸ್ಥಾಪನೆಗೆ ಮುಂಚೆ ಮನೆಯ ಹಾಸಿಗೆ–ಹೊದಿಕೆಗಳನ್ನೆಲ್ಲ ಒಗೆಯುವ ಸಂಪ್ರದಾಯ ಈ ಭಾಗದಲ್ಲಿದೆ. ಮಳೆಗಾಲದಲ್ಲಿ ಹೆಚ್ಚಿದ ನುಸಿ ಮತ್ತು ಅದರ ಹಿಕ್ಕೆಗಳು ತುಂಬಿಕೊಂಡಿರುವ ಸಮಯವೂ ಅದೇ ಆಗಿರುವುದರಿಂದ ಹಿರಿಯರ ಈ ಸಂಪ್ರದಾಯವನ್ನು ತಪ್ಪದೆ ಪಾಲಿಸಬೇಕು. ಒಗೆಯುವಾಗ ಸಾಬೂನು ನೀರು ನದಿಗೆ ಸೇರದಂತೆ ನೋಡಿಕೊಳ್ಳಬೇಕು. ಮಳೆ ನಿಂತ ಮೇಲೆ ನುಸಿ ಕಡಿಮೆಯಾಗತೊಡಗಿದರೂ ಹಿಕ್ಕೆಗಳು ತಿಂಗಳುಗಳವರೆಗೆ ಉಳಿಯುತ್ತವೆಂಬುದನ್ನು ಗಮನಿಸಬೇಕು.

ನವೆಂಬರ್‌ನಿಂದ ಜನವರಿವರೆಗೆ: ಟ್ರಂಕಿನಿಂದ ತೆಗೆದ ಕೌದಿ–ಕಂಬಳಿಗಳನ್ನು ನೇರವಾಗಿ ಹೊದೆಯಬಾರದು. ಒಂದು ದಿನ ಬಿಸಿಲಿಗೆ ಹಾಕಿ, ಹೊರಗೆ ಕೊಡವಿ, ನಂತರವೇ ಬಳಸಬೇಕು.

ಪ್ರವಾಹದ ನೀರಿನಲ್ಲಿ ನೆನೆದ ಹಾಸಿಗೆಗಳು

ಮಹಾರಾಷ್ಟ್ರದ ಸಹ್ಯಾದ್ರಿ ಶ್ರೇಣಿಯಲ್ಲಿ ಭಾರಿ ಮಳೆಯಾದಾಗ ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳು ತುಂಬಿ, ಇಲ್ಲಿ ಮಳೆ ಕಡಿಮೆಯಿದ್ದರೂ ತೀರದ ಗ್ರಾಮಗಳಿಗೆ ನೀರು ನುಗ್ಗುತ್ತದೆ. 2005, 2019 ಮತ್ತು 2021ರ ಪ್ರವಾಹಗಳು ಇದಕ್ಕೆ ನಿದರ್ಶನ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಿನಲ್ಲಿ ಅನೇಕ ಕುಟುಂಬಗಳು ಮನೆ ತೊರೆದು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆಯಬೇಕಾಯಿತು.

ಪ್ರವಾಹದ ನೀರಿನಲ್ಲಿ ಚರಂಡಿಯ ಕೊಳಕು, ಸತ್ತ ಪ್ರಾಣಿಗಳ ಅವಶೇಷ ಮತ್ತು ಹೊಲಗಳ ರಾಸಾಯನಿಕಗಳು ಸೇರಿರುತ್ತವೆ. ಇಂತಹ ನೀರಿನಲ್ಲಿ ನೆನೆದ ಗಾದಿಯ ಒಳಗಿನ ಹತ್ತಿಯು ಒಂದೆರಡು ದಿನಗಳಲ್ಲಿ ಒಣಗುವುದು ಅಸಾಧ್ಯ. ಆ ಅವಧಿಯೊಳಗೆ ಬೂಷ್ಟು ಬೆಳೆಯತೊಡಗುತ್ತದೆ. ಬೂಷ್ಟು ಸಹ ಉಬ್ಬಸವನ್ನು ಕೆರಳಿಸುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ತೇವವಿರುವ ಗಾದಿಯಲ್ಲಿ ಮುಂದಿನ ತಿಂಗಳುಗಳಲ್ಲಿ ನುಸಿಯೂ ಹೆಚ್ಚುತ್ತದೆ.

1. ಪ್ರವಾಹದ ನೀರಿನಲ್ಲಿ ಪೂರ್ಣ ನೆನೆದ ಗಾದಿ ಮತ್ತು ದಿಂಬುಗಳನ್ನು ಮತ್ತೆ ಬಳಸಬಾರದು. ಬಡ ಕುಟುಂಬಗಳಿಗೆ ಇದು ಕಷ್ಟವೆಂಬುದು ನಿಜ. ಆದಾಗ್ಯೂ ಮಕ್ಕಳು, ವೃದ್ಧರು ಮತ್ತು ಉಬ್ಬಸವುಳ್ಳವರನ್ನು ಅವುಗಳ ಮೇಲೆ ಎಂದಿಗೂ ಮಲಗಿಸಬಾರದು.
2. ಹಾನಿಯ ಪರಿಶೀಲನೆ ಆಗಬೇಕೆಂದು ಒದ್ದೆ ಗಾದಿಗಳನ್ನು ಮನೆಯೊಳಗೇ ಇಟ್ಟುಕೊಳ್ಳುವ ಅವಶ್ಯಕತೆಯಿಲ್ಲ. ಛಾಯಾಚಿತ್ರ ತೆಗೆದಿಟ್ಟುಕೊಂಡು, ಕಂದಾಯ ಇಲಾಖೆಯ ಗ್ರಾಮ ಮಟ್ಟದ ಅಧಿಕಾರಿಗಳ ಗಮನಕ್ಕೆ ತಂದು, ಅವುಗಳನ್ನು ಹೊರಗೆ ಸಾಗಿಸಬೇಕು.
3. ಕೌದಿ, ಚಾದರ, ಜಮಖಾನೆಗಳನ್ನು ಶುದ್ಧ ಬಿಸಿನೀರು ಮತ್ತು ಸಾಬೂನಿನಿಂದ ಎರಡು ಬಾರಿ ಒಗೆದು, ಬಿಸಿಲಿನಲ್ಲಿ ಒಣಗಿಸಿ ಬಳಸಬಹುದು.
4. ಗೋಡೆ ಮತ್ತು ನೆಲ ಪೂರ್ಣವಾಗಿ ಆರುವವರೆಗೆ ಹೊಸ ಗಾದಿಯನ್ನು ನೆಲದ ಮೇಲೆ ಹಾಸದೆ ಮಂಚದ ಮೇಲೆ ಹಾಸಬೇಕು.
5. ನದಿಯ ನೀರು ಏರುವ ಮುನ್ಸೂಚನೆ ದೊರೆತಾಗ ದಾಖಲೆ, ಔಷಧಿಗಳ ಜೊತೆಗೆ ಉಬ್ಬಸವುಳ್ಳವರ ಇನ್ಹೇಲರ್ ಅನ್ನು ಮರೆಯದೆ ತೆಗೆದುಕೊಂಡು ಹೋಗಬೇಕು. ಸಾಧ್ಯವಾದಲ್ಲಿ ಹಾಸಿಗೆಗಳನ್ನು ಎತ್ತರದ ಸ್ಥಳಕ್ಕೆ ಸಾಗಿಸಬೇಕು.

ನುಸಿ ತಡೆಯುವ ಗವಸುಗಳು

ಬಹಳ ಒತ್ತಾಗಿ ನೇಯ್ದ, ನುಸಿ ಮತ್ತು ಅದರ ಹಿಕ್ಕೆಗಳು ದಾಟಲಾಗದ ಗವಸುಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಗಾದಿ ಅಥವಾ ದಿಂಬನ್ನು ಎಲ್ಲ ಬದಿಗಳಿಂದಲೂ ಮುಚ್ಚಿ ಜಿಪ್ ಹಾಕುವಂತಿರುವ ಗವಸು ಮಾತ್ರ ಪ್ರಯೋಜನಕಾರಿ. ಸಾಮಾನ್ಯ ಚಾದರವು ನುಸಿಯನ್ನು ತಡೆಯುವುದಿಲ್ಲ.

ಇವುಗಳ ಪ್ರಯೋಜನದ ಬಗ್ಗೆ ಸಾರ್ವಜನಿಕರು ವಾಸ್ತವಾಂಶವನ್ನು ತಿಳಿದಿರುವುದು ಸೂಕ್ತ. ನುಸಿ ನಿಯಂತ್ರಣದ ವಿವಿಧ ಕ್ರಮಗಳ ಕುರಿತ 54 ಪ್ರಯೋಗಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರಿಶೀಲನೆಯಲ್ಲಿ ಸುಮಾರು 3,000 ರೋಗಿಗಳ ವಿವರಗಳಿದ್ದವು. ಇಂತಹ ಕ್ರಮಗಳಿಂದ ಉಬ್ಬಸವು ಗಣನೀಯವಾಗಿ ಕಡಿಮೆಯಾಗುತ್ತದೆಯೆಂದು ಅದರಲ್ಲಿ ಸಿದ್ಧವಾಗಲಿಲ್ಲ. ಆದರೆ ಇಂಗ್ಲೆಂಡ್‌ನಲ್ಲಿ ನುಸಿಯ ಒಗ್ಗದಿಕೆ ದೃಢಪಟ್ಟ 284 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನುಸಿ ತಡೆಯುವ ಗವಸು ಬಳಸಿದ ಮಕ್ಕಳ ಪೈಕಿ ಶೇಕಡಾ 29ರಷ್ಟು ಮಂದಿ ಒಂದು ವರ್ಷದಲ್ಲಿ ತೀವ್ರ ಉಬ್ಬಸದಿಂದ ಆಸ್ಪತ್ರೆಗೆ ಬಂದರೆ, ಸಾಮಾನ್ಯ ಗವಸು ಬಳಸಿದವರಲ್ಲಿ ಆ ಪ್ರಮಾಣ ಸುಮಾರು ಶೇಕಡಾ 42ರಷ್ಟಿತ್ತು.

ಇವೆರಡರಿಂದ ತಿಳಿದುಬರುವುದೇನೆಂದರೆ, ಗವಸುಗಳು ಎಲ್ಲರಿಗೂ ಅವಶ್ಯವಲ್ಲ. ನುಸಿಯ ಒಗ್ಗದಿಕೆಯಿದೆಯೆಂದು ವೈದ್ಯರು ದೃಢಪಡಿಸಿದ, ಪದೇ ಪದೇ ಆಸ್ಪತ್ರೆ ಸೇರುವ ಮಕ್ಕಳಿಗೆ ಅವು ನೆರವಾಗಬಹುದು. ಹಾಸಿಗೆಯ ಸ್ವಚ್ಛತೆಯು ಔಷಧಿಗೆ ಪೂರಕವೇ ಹೊರತು ಬದಲಿಯಲ್ಲ. ಹಾಸಿಗೆ ಸ್ವಚ್ಛಗೊಳಿಸಿದ್ದೇವೆಂದು ವೈದ್ಯರು ಬರೆದುಕೊಟ್ಟ ಇನ್ಹೇಲರ್ ಅನ್ನು ನಿಲ್ಲಿಸುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ಎಚ್ಚರಿಕೆ: ಒಂದು ವರ್ಷದೊಳಗಿನ ಶಿಶುಗಳ ಹಾಸಿಗೆ ಅಥವಾ ತೊಟ್ಟಿಲಿಗೆ ಸಡಿಲವಾದ ಪ್ಲಾಸ್ಟಿಕ್ ಹಾಳೆಯನ್ನು ಹಾಕಬಾರದು. ಮೂಗು–ಬಾಯಿಗೆ ಅಂಟಿಕೊಂಡು ಉಸಿರು ಕಟ್ಟುವ ಅಪಾಯವಿದೆ.

ಮಾಡಬಾರದ ಕ್ರಮಗಳು

1. ಬೆಳೆಗಳಿಗೆ ಸಿಂಪಡಿಸುವ ಕೀಟನಾಶಕಗಳನ್ನು ಯಾವ ಕಾರಣಕ್ಕೂ ಗಾದಿ, ದಿಂಬುಗಳಿಗೆ ಸಿಂಪಡಿಸಬಾರದು. ಕಬ್ಬು, ತರಕಾರಿ ಬೆಳೆಯುವ ಮನೆಗಳಲ್ಲಿ ಇವು ಸುಲಭವಾಗಿ ಕೈಗೆ ಸಿಗುವುದರಿಂದ ವಿಶೇಷ ಎಚ್ಚರ ಅವಶ್ಯ. ರಾತ್ರಿಯಿಡೀ ಚರ್ಮ ಮತ್ತು ಉಸಿರಿನ ಮೂಲಕ ವಿಷವು ಶರೀರವನ್ನು ಸೇರುತ್ತದೆ.
2. ನುಸಿಗುಳಿಗೆ ಅಥವಾ ಡಾಂಬರ ಗುಳಿಗೆಯೆಂದು ಕರೆಯಲಾಗುವ ನ್ಯಾಫ್ತಲೀನ್ ಗುಳಿಗೆಗಳನ್ನು ಹಾಸಿಗೆಯಲ್ಲಿಡಬಾರದು. ಹೆಸರಿನಲ್ಲಿ ನುಸಿಯೆಂದಿದ್ದರೂ ಅವು ಬಟ್ಟೆ ತಿನ್ನುವ ಹುಳುಗಳನ್ನು ದೂರವಿಡಲು ಮುಚ್ಚಿದ ಪೆಟ್ಟಿಗೆಯಲ್ಲಿ ಬಳಸುವಂಥವು. ಬಳಕೆಯಲ್ಲಿರುವ ಗಾದಿಯ ನುಸಿಗೆ ಅವು ಪರಿಹಾರವಲ್ಲ. ಜನ್ಮತಃ ರಕ್ತದಲ್ಲಿ ಕಿಣ್ವವೊಂದರ ಕೊರತೆಯಿರುವ ಶಿಶುಗಳಲ್ಲಿ ಇದರ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಉಂಟಾಗಬಹುದು.
3. ನುಸಿ ಓಡಿಸಲೆಂದು ಮಲಗುವ ಕೋಣೆಯಲ್ಲಿ ಹೊಗೆ ಹಾಕಬಾರದು. ಹೊಗೆಯಿಂದ ಗಾದಿಯೊಳಗಿನ ನುಸಿ ಸಾಯುವುದಿಲ್ಲ. ಆದರೆ ಉಬ್ಬಸ ಹೆಚ್ಚುತ್ತದೆ.
4. ಉಬ್ಬಸವುಳ್ಳವರ ಹಾಸಿಗೆಯ ಬಳಿ ಬೀಡಿ, ಸಿಗರೇಟು ಸೇದಬಾರದು.

ವೈದ್ಯರನ್ನು ಯಾವಾಗ ಕಾಣಬೇಕು?

ಎಲ್ಲ ಉಬ್ಬಸಕ್ಕೂ ನುಸಿಯೇ ಕಾರಣವೆಂದು ತಿಳಿಯಬಾರದು. ಒಲೆಯ ಹೊಗೆ, ಕಬ್ಬಿನ ರವದಿ ಸುಡುವಾಗಿನ ಹೊಗೆ, ನಿಪ್ಪಾಣಿ ಭಾಗದಲ್ಲಿ ತಂಬಾಕಿನ ಧೂಳು, ಜಿರಲೆ, ಬೂಷ್ಟು ಮತ್ತು ಶೀತದ ಸೋಂಕುಗಳೂ ಕಾರಣವಾಗಬಹುದು. ರಾತ್ರಿಯ ಕೆಮ್ಮು, ಉಬ್ಬಸ ಪದೇ ಪದೇ ಬರುತ್ತಿದ್ದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಎರಡು ವಾರಗಳಿಗಿಂತ ಹೆಚ್ಚು ಕಾಲ ಕೆಮ್ಮು ಇದ್ದಲ್ಲಿ ಕ್ಷಯರೋಗದ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಈ ಪರೀಕ್ಷೆ ಉಚಿತವಾಗಿರುತ್ತದೆ.

ಮಾತನಾಡುವಾಗ ಒಂದು ವಾಕ್ಯವನ್ನು ಪೂರ್ಣಗೊಳಿಸಲಾಗದಷ್ಟು ಏದುಸಿರು, ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಗುಳಿ ಬೀಳುವುದು, ತುಟಿ–ಉಗುರು ನೀಲಿಗಟ್ಟುವುದು, ಮಗುವು ಮಂಕಾಗುವುದು ಇವು ಅಪಾಯದ ಚಿಹ್ನೆಗಳು. ಇಂತಹ ಸಂದರ್ಭದಲ್ಲಿ ಮನೆಮದ್ದಿಗಾಗಿ ಕಾಲ ಕಳೆಯದೆ, 108 ಸಂಖ್ಯೆಗೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನುಸಿಯನ್ನು ಮನೆಯಿಂದ ಸಂಪೂರ್ಣ ನಿರ್ಮೂಲ ಮಾಡಬಹುದೇ?
ಉತ್ತರ: ಸಾಧ್ಯವಿಲ್ಲ. ಅದರ ಸಂಖ್ಯೆ ಮತ್ತು ಹಿಕ್ಕೆಗಳ ಪ್ರಮಾಣವನ್ನು ಕಡಿಮೆ ಮಾಡುವುದೇ ಉದ್ದೇಶ. ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲದಿದ್ದಲ್ಲಿ ಸಾಮಾನ್ಯ ಸ್ವಚ್ಛತೆ ಸಾಕು.

ಪ್ರಶ್ನೆ: ಇನ್ಹೇಲರ್ ಬಳಸಿದರೆ ಅದು ಚಟವಾಗುತ್ತದೆಯೇ?
ಉತ್ತರ: ಇಲ್ಲ. ಇನ್ಹೇಲರ್ ಮೂಲಕ ಔಷಧಿಯು ಅಲ್ಪ ಪ್ರಮಾಣದಲ್ಲಿ ನೇರವಾಗಿ ಶ್ವಾಸನಾಳಗಳಿಗೆ ತಲುಪುತ್ತದೆ. ವೈದ್ಯರ ಸಲಹೆಯಿಲ್ಲದೆ ಅದನ್ನು ನಿಲ್ಲಿಸಬಾರದು.

ಪ್ರಶ್ನೆ: ನುಸಿಯ ಒಗ್ಗದಿಕೆಯಿದೆಯೆಂದು ತಿಳಿಯುವುದು ಹೇಗೆ?
ಉತ್ತರ: ಲಕ್ಷಣಗಳ ವಿವರ ಪಡೆದು, ಅವಶ್ಯವಿದ್ದಲ್ಲಿ ಚರ್ಮದ ಮೇಲೆ ಸೂಜಿಮೊನೆಯಿಂದ ಮಾಡುವ ಪರೀಕ್ಷೆ ಅಥವಾ ರಕ್ತ ಪರೀಕ್ಷೆಯ ಮೂಲಕ ತಜ್ಞ ವೈದ್ಯರು ನಿರ್ಧರಿಸುತ್ತಾರೆ.

ಪ್ರಶ್ನೆ: ಒಗೆಯಲಾಗದ ಮಕ್ಕಳ ಮೆತ್ತನೆಯ ಗೊಂಬೆಗಳನ್ನು ಏನು ಮಾಡಬೇಕು?
ಉತ್ತರ: ಅವುಗಳಲ್ಲಿಯೂ ನುಸಿ ವಾಸಿಸುತ್ತದೆ. ಹಾಸಿಗೆಯಿಂದ ದೂರವಿಡುವುದು ಲೇಸು. ಶೀತಕ ಪೆಟ್ಟಿಗೆಯ ಮಂಜುಗಡ್ಡೆ ಭಾಗದಲ್ಲಿ ಒಂದು ಪೂರ್ಣ ದಿನ ಇಟ್ಟರೆ ನುಸಿ ಸಾಯುತ್ತದೆ. ನಂತರ ಹೊರಗೆ ಚೆನ್ನಾಗಿ ಕೊಡವಬೇಕು.

ಪ್ರಶ್ನೆ: ಎಲ್ಲ ಕ್ರಮಗಳನ್ನೂ ಕೈಗೊಳ್ಳಲು ಸಾಧ್ಯವಾಗದಿದ್ದರೆ ಯಾವುದನ್ನು ಮೊದಲು ಮಾಡಬೇಕು?
ಉತ್ತರ: ಉಬ್ಬಸವುಳ್ಳವರ ತಲೆದಿಂಬಿನಿಂದ ಆರಂಭಿಸಬೇಕು. ಅದರ ಗವಸನ್ನು ವಾರಕ್ಕೊಮ್ಮೆ ಒಗೆದು, ದಿಂಬನ್ನು ಬಿಸಿಲಿಗೆ ಹಾಕಿ, ಬೆಳಿಗ್ಗೆ ಗಾದಿಯನ್ನು ಕೂಡಲೇ ಸುತ್ತದೆ ಒಂದು ಗಂಟೆ ಹರಡಿ ಬಿಡಬೇಕು. ಈ ಮೂರಕ್ಕೂ ಹೆಚ್ಚಿನ ಹಣ ಬೇಕಿಲ್ಲ.

ಮುಕ್ತಾಯ

ಒಣಗಿದ ಹಾಸಿಗೆಯಲ್ಲಿ ನುಸಿ ವೃದ್ಧಿಯಾಗುವುದಿಲ್ಲ. ವರ್ಷದಲ್ಲಿ ಹಲವು ತಿಂಗಳು ಧಾರಾಳವಾಗಿ ಬಿಸಿಲು ದೊರೆಯುವ ನಮ್ಮ ಭಾಗದಲ್ಲಿ ಇದು ಪ್ರತಿಯೊಂದು ಕುಟುಂಬಕ್ಕೂ ಸಾಧ್ಯವಿರುವ ಕಾರ್ಯ. ಮನೆಯ ಹೆಣ್ಣುಮಕ್ಕಳ ಮೇಲೆಯೇ ಈ ಹೊಣೆಯನ್ನು ಬಿಡದೆ, ಭಾರವಾದ ಗಾದಿಗಳನ್ನು ಮಾಳಿಗೆಗೆ ಸಾಗಿಸುವ ಹಾಗೂ ಬಡಿದು ಒಳತರುವ ಕೆಲಸದಲ್ಲಿ ಮನೆಯ ಎಲ್ಲ ಸದಸ್ಯರೂ ಭಾಗವಹಿಸಬೇಕೆಂದು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು.